ಬಾದಾಮಿ ತಿಂದರೂ ತೂಕ ಇಳಿಯದೇಕೆ?

ಪ್ರಶ್ನೆ: ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್. ತೂಕ ಇಳಿಸಲೆಂದು ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಹಿಡಿ ಬಾದಾಮಿ, ಗೋಡಂಬಿ ತಿನ್ನುತ್ತಿದ್ದೇನೆ. ಮೂರು ತಿಂಗಳಲ್ಲಿ ಎರಡು ಕೆಜಿ ಏರಿದೆ! ಸಂಜೆ ಕಾಫಿ ಜೊತೆ ಬೋಂಡವೋ ಕೋಡುಬಳೆಯೋ ಮಾಮೂಲಿ. ತಪ್ಪೆಲ್ಲಿ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ಆ ‘ಮಾಮೂಲಿ’ಯಲ್ಲೇ ಇದೆ. ಬೀಜಗಳೇನೂ ಕೊಬ್ಬು ಕರಗಿಸುವ ಔಷಧಿಯಲ್ಲ. ಬೇರೆ ಏನನ್ನಾದರೂ ಬಿಟ್ಟು ಅದರ ಬದಲಿಗೆ ತಿಂದರೆ ಮಾತ್ರ ತೂಕಕ್ಕೆ ಅನುಕೂಲ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 580 ಕ್ಯಾಲೊರಿ, ಗೋಡಂಬಿಯಲ್ಲಿ 550. ದೊಡ್ಡವರ ಕೈಯಲ್ಲಿ ತುಂಬು ಹಿಡಿ ಎಂದರೆ 50 ಗ್ರಾಂ ಆಗಿಬಿಡಬಹುದು. ಹೊಟ್ಟೆ ತುಂಬ ತಿಂಡಿ ತಿಂದೆದ್ದು, ಮೇಲೆ ಇನ್ನೈದು ಸಣ್ಣ ಇಡ್ಲಿ ತಿಂದಷ್ಟಾಯಿತು.

ಬೆಳಗಿನದನ್ನು ನಿಲ್ಲಿಸಿ, ಸಂಜೆಗೆ ಹಾಕಿಕೊಳ್ಳಿ. ನಿಮಗೆ ಬೋಂಡದ ನೆನಪಾಗುವುದು ಐದಕ್ಕಾದರೆ ನಾಲ್ಕೂವರೆಗೇ 25ರಿಂದ 30 ಗ್ರಾಂ ತಿಂದು ಒಂದು ಲೋಟ ನೀರು ಕುಡಿಯಿರಿ. ಬರೀ ಬಾದಾಮಿಯಾದರೆ 20–23, ಬರೀ ಗೋಡಂಬಿಯಾದರೆ 16–18 ಬರುತ್ತದೆ. ಕಾಫಿ ಬರುವ ಹೊತ್ತಿಗೆ ಹಸಿವಿನ ಮೊನೆ ಮುರಿದಿರುತ್ತದೆ, ಕಾಫಿ ಮಾತ್ರ ಕುಡಿದು ಏಳಬಹುದು. ಡಬ್ಬಿಗೆ ನೇರ ಕೈ ಹಾಕುವ ಅಭ್ಯಾಸವಿದ್ದರೆ ಮಾತ್ರ ಯಾವ ಲೆಕ್ಕವೂ ನಿಲ್ಲದು. ಒಮ್ಮೆ ತೂಗಿ ನೋಡಿ, ಅಷ್ಟೇ ಹಿಡಿಯುವ ಪುಟ್ಟ ಬಟ್ಟಲೊಂದನ್ನು ಅಳತೆಗೆ ಇಟ್ಟುಕೊಳ್ಳಿ.

ಅಗಿಯುವುದರಲ್ಲೂ ವಿಷಯವಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾದಾಮಿಯನ್ನು 25 ಸಲ ಅಗಿದಾಗಿಗಿಂತ 40 ಸಲ ಅಗಿದಾಗ ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯಿತು. ನುಣ್ಣಗೆ ಅಗಿದಷ್ಟೂ ಕೊಬ್ಬು ಮೈಗೆ ಹೆಚ್ಚು ಹತ್ತುತ್ತದೆ ಎಂಬುದೂ ಅದರಲ್ಲೇ ಕಂಡಿತು. ಆದರೂ ಗಬಗಬ ನುಂಗಿ ಇನ್ನೊಂದು ಹಿಡಿಗೆ ಕೈ ಚಾಚುವುದಕ್ಕಿಂತ ಅದೇ ವಾಸಿ. ಇಡೀ ಬೀಜದ ಜೀವಕೋಶಗಳ ಗೋಡೆ ಪೂರ್ತಿ ಒಡೆಯದೆ ಸ್ವಲ್ಪ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಬಾದಾಮಿ ಪುಡಿ ಹಾಕಿದ ಹಾಲಿನಲ್ಲಿ ಈ ಲಾಭ ಕಡಿಮೆ, ಸಕ್ಕರೆ ಬೇರೆ.

ಪ್ರಶ್ನೆ: ಬಾದಾಮಿ ಕೊಳ್ಳುವ ಶಕ್ತಿಯಿಲ್ಲ. ಕಡ್ಲೆಕಾಯಿ ಸಾಕೇ? ಪಿತ್ತ ಅನ್ನುತ್ತಾರಲ್ಲ?
– ಗೃಹಿಣಿ, ಸಕಲೇಶಪುರ

ಉತ್ತರ: ಧಾರಾಳವಾಗಿ ಸಾಕು. 100 ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 26 ಗ್ರಾಂ ಪ್ರೋಟೀನ್ ಇದೆ, ಬಾದಾಮಿಯಲ್ಲಿ 21. ನಾರಿನಲ್ಲಿ ಮಾತ್ರ ಬಾದಾಮಿ ಮುಂದು. ಹಸಿವು ತಡೆಯಲು ನಮ್ಮ ಆಯ್ಕೆ ಸಿಪ್ಪೆ ಸಮೇತ ಬೇಯಿಸಿದ ಕಾಯಿ. ನೀರು ಕುಡಿದಿರುವುದರಿಂದ 100 ಗ್ರಾಂ ಬೀಜಕ್ಕೆ ಸುಮಾರು 320 ಕ್ಯಾಲೊರಿಯಷ್ಟೇ, ಹುರಿದದ್ದಕ್ಕೆ 585. ಒಂದೊಂದೇ ಸುಲಿಯಬೇಕಾದ್ದರಿಂದ ಕೈಯೂ ನಿಧಾನ. ಉಪ್ಪು ಹಿತವಾಗಿರಲಿ.

ಹುರಿಯುವುದಾದರೆ ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಕೈಬಿಡದೆ ಹತ್ತು-ಹನ್ನೆರಡು ನಿಮಿಷ ಆಡಿಸಿ. ಬೇಕಾದ ಬಣ್ಣ ಬರುವುದಕ್ಕೆ ಸ್ವಲ್ಪ ಮೊದಲೇ ಇಳಿಸಿ ಬೇರೆ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಸೀದು ಕಹಿಯಾಗುತ್ತದೆ. ಪೂರ್ತಿ ಆರುವ ಮುಂಚೆ ಡಬ್ಬಿಗೆ ಹಾಕಿದರೆ ಒಳಗೇ ಬೆವತು ಮೆತ್ತಗಾಗುತ್ತದೆ.

ನಿಮ್ಮ ಕಡೆಯ ಮಳೆಗಾಲಕ್ಕೊಂದು ಎಚ್ಚರಿಕೆ. ತೇವ ಹಿಡಿದ ಬೀಜದಲ್ಲಿ ಬೂಷ್ಟು ಬಂದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. ಅದು ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗದು. ಮುರುಟಿದ, ಕಪ್ಪಾದ, ಮುಗ್ಗಲು ವಾಸನೆಯ ಬೀಜ ಕಂಡರೆ ಆರಿಸಿ ತೆಗೆಯುತ್ತ ಕೂರಬೇಡಿ, ಅಷ್ಟನ್ನೂ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕಾಗುವಷ್ಟೇ ತನ್ನಿ.

ಪಿತ್ತದ ಮಾತು: ಹುಳಿತೇಗು ಇರುವವರು ಬರಿಹೊಟ್ಟೆಯಲ್ಲಿ ಜಾಸ್ತಿ ತಿಂದರೆ ಕೊಬ್ಬು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ಭಾರವೆನಿಸುತ್ತದೆ. 15 ಗ್ರಾಂನಿಂದ ಶುರು ಮಾಡಿ ನೋಡಿ.

ಪ್ರಶ್ನೆ: ನಮ್ಮದು ತೆಂಗಿನ ತೋಟ. ಬೀಜಗಳ ಬದಲು ಕೊಬ್ಬರಿ, ಬೆಲ್ಲ ತಿಂದರಾಗದೇ?
– ರೈತರು, ಅರಸೀಕೆರೆ

ಉತ್ತರ: ತೂಕ ಇಳಿಸಲು ಆಗದು. ಒಣ ಕೊಬ್ಬರಿಯಲ್ಲಿ 100 ಗ್ರಾಂಗೆ ಸುಮಾರು 660 ಕ್ಯಾಲೊರಿ, ಪ್ರೋಟೀನ್ ಬರೀ 7 ಗ್ರಾಂ ಆಸುಪಾಸು. ಕೊಬ್ಬಿನಲ್ಲಿ ಬಹುಪಾಲು ಸ್ಯಾಚುರೇಟೆಡ್ (ಮಿತಿ ಮೀರಿದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆ), ಬಾದಾಮಿ-ಕಡ್ಲೆಬೀಜದಲ್ಲಿ ಹಾಗಲ್ಲ. ಬೆಲ್ಲ ಸೇರಿದರೆ ಕೇಳುವುದೇ ಬೇಡ, ಚಿಕ್ಕಿಗೂ ಇದೇ ಮಾತು. ಹಬ್ಬಕ್ಕೊಂದು ಚೂರು ತಿನ್ನಿ, ದಿನದ ಕುರುಕಲಿಗೆ ಹುರಿಗಡಲೆ ಇಟ್ಟುಕೊಳ್ಳಿ.

ಪ್ರಶ್ನೆ: ಕಿಡ್ನಿಯಲ್ಲಿ ಕಲ್ಲಾಗಿತ್ತು. ಬಾದಾಮಿ ತಿನ್ನಬಹುದೇ? ಮೂರು ವರ್ಷದ ಮೊಮ್ಮಗಳಿಗೂ ಕೊಡುತ್ತೇವೆ.
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಕಲ್ಲು ಆಕ್ಸಲೇಟ್‌ನದ್ದೇ (ಕೆಲವು ಸಸ್ಯಾಹಾರಗಳಲ್ಲಿರುವ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ವಸ್ತು) ಎಂದು ವೈದ್ಯರಲ್ಲಿ ಕೇಳಿ. ಹೌದಾದರೆ ಬಾದಾಮಿ, ಗೋಡಂಬಿ ದಿನವೂ ಬೇಡ, ಅವುಗಳಲ್ಲಿ ಆಕ್ಸಲೇಟ್ ಹೆಚ್ಚು. ಮೊಮ್ಮಗಳಿಗೆ ಇಡೀ ಬೀಜ ಕೊಡುವುದನ್ನು ಇವತ್ತೇ ನಿಲ್ಲಿಸಿ, ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಐದು ವರ್ಷ ತುಂಬುವವರೆಗೆ ಪುಡಿ ಮಾಡಿ ರಾಗಿ ಗಂಜಿಗೆ ಬೆರೆಸಿ. ತಿಂದ ಮೇಲೆ ತುಟಿ ಊದಿಕೊಂಡರೆ, ಮೈ ತುರಿಸಿದರೆ ಮತ್ತೆ ಕೊಡದೆ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.