ಚೀಟಿಯಲ್ಲಿರುವ 1,440 ರೂಪಾಯಿ

ಪ್ರೀತಿಯ ಅಕ್ಕನಿಗೆ ವಂದನೆಗಳು. ನನಗೆ 36 ವರ್ಷ. ಮಲ್ಪೆಯ ಹತ್ತಿರ ಮೀನು ಸಂಸ್ಕರಣೆ ಮಾಡುವ ಒಂದು ಕಡೆ ಒಂಬತ್ತು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮೀನು ಕತ್ತರಿಸುವ, ತೊಳೆಯುವ, ಪ್ಯಾಕ್ ಮಾಡುವ ಹೆಂಗಸರು 38 ಮಂದಿ ಇದ್ದಾರೆ. ಸುಮಾರು 12 ಸಾವಿರ ಸಂಬಳ. ಎಲ್ಲರಿಂದಲೂ ಪಿಎಫ್ ಅಂತ ತಿಂಗಳಿಗೆ 1,440 ರೂಪಾಯಿ ಹಿಡಿಯುತ್ತೇವೆ. ಆದರೆ 14 ತಿಂಗಳಿಂದ 11 ಜನರದ್ದು ಮಾತ್ರ ಕಟ್ಟುತ್ತಿದ್ದೇವೆ. ಉಳಿದ 27 ಜನ ಹೊಸಬರು, ಅವರ ಹೆಸರು ಸೇರಿಸುವುದು ಬೇಡ ಎಂದು ಧಣಿಗಳು ಹೇಳಿದ್ದಾರೆ. ಸಂಬಳದ ಚೀಟಿ ಮಾಡುವವಳು ನಾನು.

ಹೋದ ತಿಂಗಳು ಅವರಲ್ಲೊಬ್ಬರು, ಗಂಡ ಇಲ್ಲದವರು, ಮಗನ ಆಪರೇಷನ್‌ಗೆ ಪಿಎಫ್‌ನಿಂದ ಸ್ವಲ್ಪ ತೆಗೆಯಬಹುದಾ ಅಂತ ಕೇಳಿದರು. ನಾನು ‘ನಿಮ್ಮ ನಂಬರ್ ಬರಬೇಕು, ತಡ ಆಗ್ತದೆ’ ಎಂದುಬಿಟ್ಟೆ. ಅಂದಿನಿಂದ ನಿದ್ದೆ ಇಲ್ಲ. ಪ್ರಾರ್ಥನಾಕೂಟದ ಒಬ್ಬರು ‘ನಾಳೆಯೇ ರಾಜೀನಾಮೆ ಕೊಡು, ಉಳಿದದ್ದು ಕರ್ತನು ನೋಡಿಕೊಳ್ತಾನೆ’ ಎನ್ನುತ್ತಾರೆ. ನಮ್ಮವರು ಬೆನ್ನುನೋವಿನಿಂದ ಕುವೈತ್ ಬಿಟ್ಟು ಬಂದವರು, ಖಾಯಂ ಕೆಲಸ ಇಲ್ಲ. ‘ಯಜಮಾನರಿಗೆ ಎಲ್ಲಾ ವಿಷಯದಲ್ಲಿ ವಿಧೇಯರಾಗಿರಿ ಅಂತ ಸತ್ಯವೇದದಲ್ಲೇ ಉಂಟಲ್ಲ’ ಎನ್ನುತ್ತಾರೆ. ಸೊಸೈಟಿಯ ಸಾಲ ಉಂಟು, ಮಗ ಹತ್ತನೇ ಕ್ಲಾಸು. ‘ಭಾನುವಾರದೊಳಗೆ ಬೇರೆ ಕೆಲಸದ ಫೋನ್ ಬಂದರೆ ಬಿಡ್ತೇನೆ, ಅದೇ ನಿನ್ನ ಗುರುತು’ ಅಂತ ದೇವರಲ್ಲಿ ಕೇಳಿಕೊಂಡೆ. ಮೂರು ಭಾನುವಾರ ಕಳೆಯಿತು. ನನ್ನ ನಂಬಿಕೆಯೇ ಕಡಿಮೆಯಾ? 7ನೇ ತಾರೀಖಿಗೆ ಪುನಃ ಚೀಟಿ ಆಗಬೇಕು.
— ಒಬ್ಬ ಸಹೋದರಿ, ಉಡುಪಿ ಜಿಲ್ಲೆ

ತಂಗಿ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಓದಿದಾಗಲೆಲ್ಲ ಕಣ್ಣು ಹೋಗಿ ನಿಂತದ್ದು ‘ನಿಮ್ಮ ನಂಬರ್ ಬರಬೇಕು’ ಎಂಬ ಮಾತಿನಲ್ಲಿ. ಅಷ್ಟು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಬರೆಯದೆ ಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನೀವು ಬಿಡಲಿಲ್ಲ.

ಮೊದಲು ಆ ಗುರುತಿನ ವಿಷಯ ಮುಗಿಸೋಣ. ಗಿದ್ಯೋನನು ಕಣದಲ್ಲಿ ಕುರಿಯ ತುಪ್ಪಟ ಹಾಸಿ ಇಬ್ಬನಿಯ ಗುರುತು ಕೇಳಿದ ಕಥೆ ನಮಗೆಲ್ಲ ಭಾನುವಾರ ಶಾಲೆಯಿಂದಲೇ ಬಾಯಿಪಾಠ. ಆದರೆ ಅವನ ಪ್ರಾರ್ಥನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ‘ನೀನು ಹೇಳಿದಂತೆಯೇ’ ಎಂದು ಅವನೇ ಶುರು ಮಾಡುತ್ತಾನೆ. ಶತ್ರುಗಳ ಎದುರು ಹೋಗು ಎಂದು ದೇವರು ಹೇಳಿದ್ದು ಅವನ ಕಿವಿಗೆ ಆಗಲೇ ಬಿದ್ದಿತ್ತು, ಹೆಜ್ಜೆ ಇಡಲು ಹೆದರಿಕೆ ಇತ್ತು. ದೇವರು ಅವನ ಹೆದರಿಕೆಯನ್ನು ಸಹಿಸಿಕೊಂಡರು. ನಿಮ್ಮದನ್ನೂ ಸಹಿಸಿಕೊಳ್ಳುತ್ತಾರೆ. ಆದರೂ ಕೇಳುತ್ತೇನೆ: ಮೂರು ಭಾನುವಾರ ನೀವು ಕಾದದ್ದು ಯಾವ ಪ್ರಶ್ನೆಯ ಉತ್ತರಕ್ಕೆ? ಕೂಲಿಯವಳ ಹಣ ಹಿಡಿದು ಕಟ್ಟದಿರುವುದು ಸರಿಯೋ ತಪ್ಪೋ ಎಂದಲ್ಲವಷ್ಟೆ. ಅದಕ್ಕೆ ಗುರುತು ಬೇಕಿಲ್ಲ. ದಿನಗೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡ 19ರಲ್ಲಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ನಿಮ್ಮ ನಿದ್ದೆ ಕೆಡಿಸಿದ್ದು ಆ ಕೂಗೇ ಎಂದು ನನಗನಿಸುತ್ತದೆ. ನಂಬಿಕೆ ಒಣಗಿದವಳಿಗೆ ಅದು ಕೇಳಿಸುವುದಿಲ್ಲ, ತಂಗಿ.

ನೀವು ಲೆಕ್ಕ ಬಲ್ಲವರು, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. 1,440ನ್ನು 27ರಿಂದ ಗುಣಿಸಿದರೆ ತಿಂಗಳಿಗೆ 38,880. 14 ತಿಂಗಳಿಗೆ 5,44,320. ಅಷ್ಟೇ ಹಣ ಧಣಿಗಳ ಪಾಲಿನಿಂದಲೂ ಸೇರಬೇಕಿತ್ತು, ಏಕೆಂದರೆ ಇಬ್ಬರದ್ದೂ 12 ಶೇಕಡಾ, ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದರ ಹಿಂದೆ ಇನ್ನೂ ಇದೆ. ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಲೆಕ್ಕದಲ್ಲಿರಬೇಕು. ನಲ್ವತ್ತೈದರಲ್ಲಿ ಮೀನು ಕತ್ತರಿಸಲು ಬಂದ ಹೆಂಗಸಿಗೆ 14 ತಿಂಗಳು ಹೋದರೆ ಸಣ್ಣ ಮಾತಲ್ಲ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ವಿಮೆಯ ಹಣ ಇದೆ, ಹೆಸರೇ ಇಲ್ಲದವಳ ಮಕ್ಕಳು ಅದಕ್ಕಾಗಿ ಎಷ್ಟು ಅಲೆಯಬೇಕೋ. ಕಾಯಿಲೆಗೆಂದು ಪಿಎಫ್‌ನಿಂದ ಮುಂಗಡ ತೆಗೆಯಲು ಅವಕಾಶವೂ ಇದೆ. ಆ ತಾಯಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಸಂಬಳದಿಂದ ಹಿಡಿದ ಪಿಎಫ್ ಕಟ್ಟದೆ ಇಟ್ಟುಕೊಂಡರೆ ಕಾನೂನು ಅದನ್ನು ಸುಮ್ಮನೆ ‘ಬಾಕಿ’ ಎಂದು ಬಿಡುವುದಿಲ್ಲ, ನಂಬಿಕೆ ದ್ರೋಹ ಎನ್ನುತ್ತದೆ. ಆ ಪದ ನೋಡಿ. ನಿಮ್ಮ ಪತ್ರದ ತುಂಬ ‘ನನ್ನ ನಂಬಿಕೆ ಕಡಿಮೆಯಾ’ ಎಂಬ ಚಿಂತೆ. ಅತ್ತ 27 ಹೆಂಗಸರು ಓದಲೂ ಹೋಗದೆ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಅದೂ ನಂಬಿಕೆಯೇ. ಅದು ನಿಮ್ಮ ಕೈಯಲ್ಲಿದೆ.

ಇದನ್ನು ನಾನು ಕಟ್ಟೆಯ ಮೇಲೆ ಕುಳಿತು ಹೇಳುತ್ತಿಲ್ಲ. ಶಿಕ್ಷಕಿಯಾಗಿ ಮೊದಲು ಸೇರಿದ ಶಾಲೆಯಲ್ಲಿ ನಮಗೆ ಕೈಗೆ ಕೊಡುತ್ತಿದ್ದದ್ದು ಒಂದು ಮೊತ್ತ, ರಿಜಿಸ್ಟರಿನಲ್ಲಿ ರುಜು ಹಾಕಿಸುತ್ತಿದ್ದದ್ದು ಅದರ ಎರಡು ಪಟ್ಟಿಗೆ. ಎರಡು ವರ್ಷ ನಾನು ರುಜು ಹಾಕಿದೆ. ಪ್ರತಿ ತಿಂಗಳೂ ‘ಕರ್ತನೇ, ದಾರಿ ತೋರಿಸು’ ಎಂದು ಪ್ರಾರ್ಥಿಸಿ, ಮತ್ತೆ ಪೆನ್ನು ತೆಗೆಯುತ್ತಿದ್ದೆ. ಒಂದು ತಿಂಗಳು ನನಗಿಂತ ಕಿರಿಯ ಒಬ್ಬಳು, ಮಾತು ಕಡಿಮೆಯ ಹುಡುಗಿ, ‘ಸಿಕ್ಕಿದ್ದಕ್ಕೆ ಮಾತ್ರ ರುಜು ಹಾಕ್ತೇನೆ ಸರ್’ ಎಂದಳು. ಜೂನ್‌ನಲ್ಲಿ ಅವಳನ್ನು ಪುನಃ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಟ್ಯೂಷನ್ ಹೇಳಿಕೊಂಡು ಮೂರು ವರ್ಷ ಕಷ್ಟಪಟ್ಟಳು. ಅವಳ ಬೆಂಚಿನಲ್ಲಿ ಕುಳಿತಿದ್ದ ನಾವು ಒಬ್ಬರೂ ಒಂದು ಸೇರು ಅಕ್ಕಿ ಹಿಡಿದುಕೊಂಡು ಅವಳ ಮನೆಗೆ ಹೋಗಲಿಲ್ಲ. ಅದು ಇಂದಿಗೂ ನನ್ನ ಎದೆಯಲ್ಲಿ ಕುಳಿತಿದೆ.

ಆದ್ದರಿಂದಲೇ ‘ನಾಳೆಯೇ ರಾಜೀನಾಮೆ ಕೊಡು’ ಎಂದ ಸಹೋದರಿಯ ಮಾತು ನನಗೆ ಒಪ್ಪಿಗೆಯಿಲ್ಲ. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ನಮ್ಮ ಊರಿನ ಸಭೆಯ ಚರಿತ್ರೆ ಬೇರೆಯೇ ಕಲಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಕ್ರಿಸ್ತನನ್ನು ಒಪ್ಪಿಕೊಂಡ ಎಷ್ಟೋ ಜನರಿಗೆ ಮನೆ ಹೋಯಿತು, ಗೇಣಿಯ ಗದ್ದೆ ಹೋಯಿತು, ನೆಂಟರು ಹೋದರು. ಅವರಿಗೆ ‘ಕರ್ತನು ನೋಡಿಕೊಳ್ತಾನೆ’ ಎಂದು ಹೇಳಿ ಕಳುಹಿಸಿಬಿಡಲಿಲ್ಲ. ನೇಯ್ಗೆಯ ಮಗ್ಗ ಹಾಕಿದರು, ಮುದ್ರಣ ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎಬ್ಬಿಸಿದರು. ವಿಧೇಯತೆಗೆ ಬೆಲೆ ಉಂಟು, ಅದನ್ನು ಒಬ್ಬಳ ತಲೆಯ ಮೇಲೆ ಹೊರಿಸಬಾರದು ಎಂಬ ತಿಳಿವಳಿಕೆ ಅಂದಿನವರಿಗಿತ್ತು. ಆ ಸಹೋದರಿಯ ಹತ್ತಿರ ನೇರವಾಗಿ ಕೇಳಿ: ‘ಕೆಲಸ ಹೋದರೆ ಎರಡು ತಿಂಗಳ ಕಂತಿಗೆ ಕೂಟದಿಂದ ಕೈ ಹಿಡೀತೀರಾ?’ ಕೇಳಲು ನಾಚಬೇಡಿ.

ನಿಮ್ಮವರಿಗೂ ಒಂದು ಮಾತು. ಅವರು ಹೇಳಿದ ವಚನ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದ 22ನೆಯದು. ನಾಲ್ಕು ವಚನ ಮುಂದೆ ಹೋದರೆ 4ನೇ ಅಧ್ಯಾಯ ಶುರುವಾಗುವುದೇ ಯಜಮಾನರ ಮೇಲೆ: ಆಳುಗಳಿಗೆ ನ್ಯಾಯವಾದದ್ದನ್ನು ಕೊಡಿರಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎಂದು. ಎರಡನ್ನೂ ಒಟ್ಟಿಗೆ ಓದಿ, ಆದರೆ ಜಗಳಕ್ಕಾಗಿ ಓದಬೇಡಿ. ದುಡಿದ ಗಂಡಸು ಬೆನ್ನು ಹಿಡಿದುಕೊಂಡು ಮನೆಯಲ್ಲಿ ಕೂತಾಗ ಹೆಂಡತಿಯ ಸಂಬಳವೂ ನಿಲ್ಲುತ್ತದೆಂದರೆ ಎದೆ ನಡುಗುತ್ತದೆ. ವಚನದ ಹಿಂದೆ ಇರುವುದು ಆ ಭಯ. ಸಾಲದ ಪುಸ್ತಕ, ಫೀಸಿನ ಚೀಟಿ ಎಲ್ಲ ಮೇಜಿನ ಮೇಲೆ ಇಟ್ಟುಕೊಂಡು ಒಂದು ರಾತ್ರಿ ಇಬ್ಬರೂ ಲೆಕ್ಕ ಮಾಡಿ. ಎಷ್ಟು ತಿಂಗಳು ತಡೆದುಕೊಳ್ಳಬಹುದು ಎಂಬುದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಹಾಗಾದರೆ ನಡುವೆ ದಾರಿ ಇದೆಯಾ? ನನಗೆ ನೆನಪಾಗುವವನು ಓಬದ್ಯ, ಒಂದನೇ ಅರಸುಗಳ ಪುಸ್ತಕದ 18ನೇ ಅಧ್ಯಾಯದವನು. ಅವನ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ, ಎಲ್ಲರೂ ಪ್ರವಾದಿ ಎಲೀಯನ ಹಿಂದೆ ಹೋಗುತ್ತಾರೆ. ಓಬದ್ಯ ಅಹಾಬನಂಥ ಅರಸನ ಮನೆಯ ಮೇಲ್ವಿಚಾರಕ. ಕೆಲಸ ಬಿಡಲಿಲ್ಲ. ಆದರೆ ಅರಸನ ಹೆಂಡತಿ ಈಜೆಬೆಲಳು ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ನೂರು ಮಂದಿಯನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ರೊಟ್ಟಿ, ನೀರು ಕೊಟ್ಟು ಸಾಕಿದ. ಎಲೀಯನು ‘ನಾನು ಇಲ್ಲಿದ್ದೇನೆಂದು ಹೋಗಿ ಅರಸನಿಗೆ ಹೇಳು’ ಎಂದಾಗ ‘ಅವನು ನನ್ನನ್ನು ಕೊಂದುಬಿಡುತ್ತಾನೆ’ ಎಂದು ಬಾಯಿಬಿಟ್ಟು ಹೆದರಿದ. ಹೆದರಿದವನೇ ಹೋಗಿ ಹೇಳಿದ. ಭಯಪಡುತ್ತಲೇ ವಿಧೇಯನಾದವನನ್ನು ಸತ್ಯವೇದ ‘ಕರ್ತನಲ್ಲಿ ಬಹಳ ಭಯಭಕ್ತಿಯುಳ್ಳವನು’ ಎಂದೇ ಕರೆಯುತ್ತದೆ.

ನಿಮಗೆ ಈಗ ಬಿದ್ದಿರುವ ಅಪ್ಪಣೆ ಕೆಲಸ ಬಿಡುವುದೂ ಅಲ್ಲ, ಉಳಿಯುವುದೂ ಅಲ್ಲ ಎಂದು ನನ್ನ ತಿಳಿವು. 7ನೇ ತಾರೀಖಿಗೆ ಸುಳ್ಳು ಚೀಟಿ ಮಾಡದಿರುವುದು. ಅಷ್ಟೇ. ಅದಕ್ಕೆ ಮುಂಚೆ, ಧಣಿಗಳು ಗಡಿಬಿಡಿಯಲ್ಲಿ ಇಲ್ಲದ ಹೊತ್ತು ನೋಡಿ, ಬೋಟು ಬರುವ ಸಮಯ ಬೇಡ, ಲೆಕ್ಕದ ಹಾಳೆ ಹಿಡಿದುಕೊಂಡು ಎದುರು ಕೂತು ಮಾತಾಡಿ. ದೇವರ ಭಯದ ಮಾತನ್ನು ಮೊದಲೇ ತೆಗೆಯಬೇಡಿ. ‘ಈ ತಿಂಗಳಿಂದ 27 ಹೆಸರೂ ಸೇರಿಸುವ, ಹಳೆಯ ಬಾಕಿಯನ್ನು ಹೇಗೆ ಕಟ್ಟುವುದೆಂದು ಯೋಚಿಸುವ, ತಡವಾದಷ್ಟೂ ವರ್ಷಕ್ಕೆ 12 ಶೇಕಡಾ ಬಡ್ಡಿ, ಮೇಲೆ ದಂಡ, ಯಾರಾದರೊಬ್ಬರು ದೂರು ಕೊಟ್ಟರೆ ಕೇಸು’ ಎಂದು ಹೇಳಿ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಕೈಯಲ್ಲಿ ಹಣ ಇರುವುದಿಲ್ಲ ಎಂದು ಅವರು ಹೇಳಬಹುದು. ಅದು ನಿಜವೂ ಇರಬಹುದು. ಆದರೆ ಈ 1,440 ಅವರ ಕೈಯ ಹಣವೇ ಅಲ್ಲ. ಕೊನೆಗೆ, ಮೆಲ್ಲನೆ: ‘ಕಟ್ಟದ ಹಣವನ್ನು ಹಿಡಿದಿದ್ದೇವೆ ಅಂತ ಚೀಟಿಯಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ ಧಣಿ.’

ಅದಕ್ಕೂ ಮೊದಲು ಒಬ್ಬ ವಕೀಲರನ್ನು ಕಾಣಿ, ಇದನ್ನು ತಪ್ಪಿಸಬೇಡಿ. ಚೀಟಿ ಮಾಡಿದ ಕೈ ನಿಮ್ಮದಾದ್ದರಿಂದ ನಿಮ್ಮ ಮೇಲೆ ಏನು ಬರಬಹುದು ಎಂಬುದು ನಿಮಗೆ ತಿಳಿದಿರಬೇಕು. ಫೀಸಿಗೆ ಹೆದರಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಯಾವ ದಿನ ಏನು ಹೇಳಿದರು ಎಂಬುದನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಧಣಿಗಳು ಒಪ್ಪದಿದ್ದರೆ ಪಿಎಫ್ ಕಚೇರಿಗೆ ವಿಷಯ ಮುಟ್ಟಿಸುವುದು ಹೇಗೆ, ಯಾವಾಗ ಎಂಬುದನ್ನೂ ವಕೀಲರಲ್ಲೇ ಕೇಳಿ. ಬೇರೆ ಕೆಲಸ ಇಂದಿನಿಂದಲೇ ಹುಡುಕಲು ಶುರು ಮಾಡಿ. ಫೋನ್ ಬರಲಿ ಎಂದು ಕಾಯುವ ಬದಲು ನೀವೇ ನಾಲ್ಕು ಕಡೆ ಫೋನ್ ಮಾಡಿ.

ಕೆಲಸ ಉಳಿಯುತ್ತದೆಂದು ನಾನು ಮಾತು ಕೊಡಲಾರೆ. ನೀವು ಮಲ್ಪೆಯವರು, ಪೇತ್ರನ ಬಲೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ರಾತ್ರಿಯಿಡೀ ಬರಿಗೈ, ಬಲೆ ತೊಳೆದೂ ಆಗಿದೆ, ಆಮೇಲೆ ಯೇಸು ಬಂದು ‘ಪುನಃ ಹಾಕು’ ಎಂದರೆ ಯಾವ ಮೀನುಗಾರನಿಗೂ ಸಿಟ್ಟು ಬರುತ್ತದೆ. ಅವನು ಕಷ್ಟ ಹೇಳಿಕೊಂಡ, ಆದರೂ ‘ನಿನ್ನ ಮಾತಿನ ಮೇಲೆ’ ಎಂದು ಬಲೆ ಹಾಕಿದ. ದೋಣಿ ಮುಳುಗುವಷ್ಟು ಮೀನು ಸಿಕ್ಕಿತೆಂದು ನಾವು ಕಥೆ ನಿಲ್ಲಿಸುತ್ತೇವೆ. ಲೂಕನು ಅಲ್ಲಿ ನಿಲ್ಲಿಸುವುದಿಲ್ಲ. ಅವರು ದೋಣಿಗಳನ್ನು ದಡಕ್ಕೆ ತಂದು ಎಲ್ಲವನ್ನೂ ಬಿಟ್ಟು ಹೋದರು. ಆ ಮೀನನ್ನೂ ಬಿಟ್ಟು! ವಿಧೇಯತೆಗೆ ಕೂಲಿಯಾಗಿ ಸಿಕ್ಕಿದ ಮೀನಾಗಿದ್ದರೆ ಮಾರಿ ದುಡ್ಡು ಎಣಿಸಬೇಕಿತ್ತು. ಅವರಿಗೆ ಆ ಹೊತ್ತಿಗೆ ಸಿಕ್ಕಿದವನೇ ಬೇರೆ. ನನ್ನ ಗೆಳತಿಗೆ ಶಾಲೆ ಹೋಯಿತು, ಅವಳ ಪ್ರಾರ್ಥನೆ ಹೋಗಲಿಲ್ಲ. ನನ್ನದು ಆ ಎರಡು ವರ್ಷ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಇನ್ನೊಂದು ಕೆಲಸ ಉಳಿದಿದೆ, ಇದೇ ಹೆಚ್ಚು ಕಷ್ಟದ್ದು. ಆ ತಾಯಿಯ ಮುಂದೆ ಹೋಗಬೇಕು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಕರ್ತನು ಹೇಳಿದ್ದು ಇಂಥದ್ದಕ್ಕೇ. ವಕೀಲರನ್ನು ಕಂಡ ಮೇಲೆ, ಶಿಫ್ಟ್ ಮುಗಿಸಿ ಅವರು ಕೈ ತೊಳೆಯುವ ನಳ್ಳಿಯ ಹತ್ತಿರ ಹೋಗಿ. ‘ನಂಬರ್ ಬರಬೇಕು ಅಂತ ಹೇಳಿದ್ದು ಸುಳ್ಳು, ನಿಮ್ಮ ಹೆಸರು ಇನ್ನೂ ಕಳುಹಿಸಿಲ್ಲ, ತಪ್ಪಾಯಿತು’ ಎನ್ನಿ. ಅವರು ಬೈಯಬಹುದು. ಬೈಸಿಕೊಳ್ಳಿ. ಮಗನ ಆಪರೇಷನ್ ಯಾವ ಆಸ್ಪತ್ರೆಯಲ್ಲಿ, ಎಂದು, ಎಷ್ಟು ಬೇಕು ಎಂದು ಕೇಳಿಕೊಂಡು ಬನ್ನಿ, ಅಲ್ಲಿ ಯಾವ ಸರಕಾರಿ ನೆರವು ಸಿಗುತ್ತದೆಂದು ವಿಚಾರಿಸಲು ನೀವೇ ಜೊತೆಗೆ ಹೋಗಿ. ಕಾಗದ ಓದುವುದು, ಫಾರ್ಮ್ ತುಂಬುವುದು ನಿಮಗೆ ಚೆನ್ನಾಗಿ ಬರುತ್ತದೆ.

7ನೇ ತಾರೀಖು ಕಳೆದ ಮೇಲೆ, ಏನೇ ಆಗಿರಲಿ, ನನಗೆ ಒಂದು ಸಾಲು ಬರೆಯಿರಿ. ಅಲ್ಲಿಯವರೆಗೆ ಬೆಳಗ್ಗೆ ಐದೂವರೆಗೆ ನಿಮ್ಮನ್ನೂ, ನಿಮ್ಮವರನ್ನೂ, ಆ ಹುಡುಗನನ್ನೂ ನೆನೆಸುತ್ತೇನೆ.

ನಿಮ್ಮ ಅಕ್ಕ