ಮೊದಲು ಊಹೆ, ಆಮೇಲೆ ಚಟುವಟಿಕೆ

ಹರಿಹರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಾಲ್ಕು, ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಎರಡೂ ನನ್ನದೇ. ಚಟುವಟಿಕೆ ಮಾಡಿಸಿ ಅಂತ ನೀವು ಬರೆಯುತ್ತೀರಿ. ಮಾಡಿಸಿದೆ. ಮಕ್ಕಳು ಖುಷಿಪಟ್ಟರು, ಗಲಾಟೆ ಮಾಡಿದರು. ಮರುದಿನ ಕೇಳಿದರೆ ಯಾರಿಗೂ ಏನೂ ಗೊತ್ತಿಲ್ಲ. ಪಾಠ ಮಾತ್ರ ಹಿಂದೆ ಬಿತ್ತು. ಶಾಲೆಯ ಕಲಿಕಾ ಕಿಟ್‌ನ ಸಾಮಾನು ಕಳೆದರೆ ಅಂತ ಹೆದರಿ ಬೀರುವಿನಲ್ಲೇ ಇಟ್ಟಿದ್ದೇವೆ. ಇದೆಲ್ಲ ನಿಜವಾಗಿ ಬೇಕಾ?"

ಬೇಕು ಮೇಡಂ. ಆದರೆ ನಿಮ್ಮ ಬೇಸರಕ್ಕೆ ಕಾರಣವಿದೆ. ಕೈಗೆ ಕೆಲಸ ಕೊಟ್ಟ ಮಾತ್ರಕ್ಕೆ ಮಕ್ಕಳು ಕಲಿಯುವುದಿಲ್ಲ. ಮಾಡುವ ಮೊದಲು ಪ್ರತಿ ಮಗುವೂ ಏನಾಗಬಹುದು ಅಂತ ಊಹಿಸಿ ಬರೆಯಬೇಕು. ಆಗಲೇ ಫಲಿತಾಂಶ ಅವರದ್ದಾಗುತ್ತದೆ.

ಕಿತ್ತಳೆ ಹಣ್ಣನ್ನೇ ತಗೊಳ್ಳಿ. ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆ. ಸಿಪ್ಪೆ ಸುಲಿದು ಹಾಕಿದರೆ? ಹಗುರ ಆಯ್ತಲ್ಲ, ಇನ್ನೂ ಚೆನ್ನಾಗಿ ತೇಲುತ್ತದೆ ಅನ್ನುವವರೇ ಜಾಸ್ತಿ. ಸುಲಿದ ಹಣ್ಣು ಸಾಮಾನ್ಯವಾಗಿ ಮುಳುಗುತ್ತದೆ. ಸಿಪ್ಪೆಯೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಜಾಗಗಳಿರುತ್ತವೆ. ಅದನ್ನು ನೀವು ಮೊದಲೇ ಹೇಳಿಬಿಟ್ಟರೆ ಮಕ್ಕಳು ಸುಮ್ನೆ ನೋಡುತ್ತಾರೆ, ಅಷ್ಟೇ. ಊಹೆ ತಪ್ಪಿದ ಮಗು "ಯಾಕೆ?" ಅಂತ ತಾನೇ ಕೇಳುತ್ತದೆ.

ಇನ್ನು ಪಾಠ ಹಿಂದೆ ಬೀಳುವ ಚಿಂತೆ. ವಾರಕ್ಕೊಂದು ಹೊಸ ಚಟುವಟಿಕೆ ಬೇಡ. ಗಣಿತಕ್ಕೂ ಪರಿಸರಕ್ಕೂ ಒಟ್ಟಿಗೆ ಆಗುವಂಥ ಒಂದೆರಡನ್ನು ವರ್ಷಪೂರ್ತಿ ನಡೆಸಿ. ನನಗೆ ತುಂಬ ಇಷ್ಟವಾದದ್ದು ನೆರಳಿನ ಕೋಲು.

ಅಂಗಳದಲ್ಲಿ ಒಂದು ಮೀಟರ್ ಎತ್ತರ ನಿಲ್ಲುವಂತೆ ನೆಟ್ಟಗೆ ಕೋಲು ನೆಡಿ. ಬಿಸಿಲಿರುವ ದಿನ ಹನ್ನೊಂದೂವರೆಯಿಂದ ಒಂದೂವರೆವರೆಗೆ, ಹತ್ತು ನಿಮಿಷಕ್ಕೊಮ್ಮೆ ಇಬ್ಬರು ಮಕ್ಕಳು ಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಅಳೆದು ಬರಲಿ. ಉಳಿದವರಿಗೆ ಪಾಠ ನಡೆಯಲಿ, ಮಧ್ಯೆ ಬಿಸಿಯೂಟವೂ ಆಗಲಿ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮೊದಲೇ ಹೇಳಿಬಿಡಿ. ನೆರಳು ಅತಿ ಚಿಕ್ಕದಾಗುವುದು ಯಾವಾಗ ಅಂತ ಕೇಳಿದರೆ ಇಡೀ ತರಗತಿ "ಹನ್ನೆರಡಕ್ಕೆ" ಅನ್ನುತ್ತದೆ. ಜೂನ್, ಜುಲೈನಲ್ಲಿ ನಿಮ್ಮೂರಲ್ಲಿ ಅದು ಸುಮಾರು 12.30ಕ್ಕೆ. ನಮ್ಮ ಗಡಿಯಾರಗಳು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಪ್ರಕಾರ ನಡೆಯುತ್ತವೆ. ನೀವು ಅಲ್ಲಿಂದ ಆರೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪಶ್ಚಿಮಕ್ಕಿದ್ದೀರಿ. ಪಶ್ಚಿಮಕ್ಕೆ ಹೋದಂತೆ ಡಿಗ್ರಿಗೆ ನಾಲ್ಕು ನಿಮಿಷ ತಡ. ಐದನೇ ತರಗತಿಯವರಿಗೆ ಒಳ್ಳೆಯ ಗುಣಾಕಾರದ ಲೆಕ್ಕ ಅಲ್ವಾ?

ಇದೇ ಕೋಲನ್ನು ತಿಂಗಳಿಗೊಮ್ಮೆ ಅಳೆಯಿರಿ. ಜೂನ್ ಕೊನೆಗೆ ಅತಿ ಚಿಕ್ಕ ನೆರಳು ಸುಮಾರು 16 ಸೆಂ.ಮೀ., ಅದೂ ದಕ್ಷಿಣಕ್ಕೆ! ಡಿಸೆಂಬರ್ ಕೊನೆಗೆ ಸುಮಾರು 78 ಸೆಂ.ಮೀ., ಉತ್ತರಕ್ಕೆ. ನಡುವೆ ಆಗಸ್ಟ್ ಎರಡನೇ ವಾರದ ಸುಮಾರಿಗೆ ಒಂದು ಮಧ್ಯಾಹ್ನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಏಪ್ರಿಲ್ ಕೊನೆಗೂ ಹಾಗೆ ಆಗುತ್ತದೆ, ಆದರೆ ಆಗ ರಜೆ. ಆಗಸ್ಟ್‌ನಲ್ಲಿ ಮೋಡದ ಕಾಟ. ಬಿಸಿಲು ಕಂಡ ದಿನ ಬಿಡಬೇಡಿ. ಅಳತೆ, ವ್ಯವಕಲನ, ಸ್ತಂಭಾಲೇಖ, ದಿಕ್ಕು, ಋತು ಎಲ್ಲ ಇದರಲ್ಲೇ ಬರುತ್ತವೆ.

ಕಿಟ್ ಬೀಗದೊಳಗಿದ್ದರೂ ಕೆಲಸ ನಿಲ್ಲಬೇಕಿಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಕಟ್ಟಿಸಿ. ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿ ಕೊಟ್ಟು, ಹದಿನೇಳು ವಾಪಸ್ ಕೇಳಿ. ಕಟ್ಟು ಬಿಚ್ಚದೆ ಕೊಡಲಾಗುವುದಿಲ್ಲ ಅಂತ ಮಗುವಿಗೇ ಹೊಳೆಯುತ್ತದೆ. ಮೂರನೇ ತರಗತಿವರೆಗೆ ಚಟುವಟಿಕೆಯಿಂದಲೇ ಕಲಿಸುವ ನಲಿ ಕಲಿ ಪದ್ಧತಿಯಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸದಲ್ಲ. ನಾಲ್ಕಕ್ಕೆ ಬಂದ ಕೂಡಲೇ ಅವರ ಕೈ ಕಟ್ಟಿಹಾಕುವುದು ನನಗೆ ನೋವಿನ ಸಂಗತಿ.

ನಿಮ್ಮ ಮಕ್ಕಳ ನೆರಳಿನ ಪಟ್ಟಿ ನಮಗೆ ಕಳಿಸಿ, ಪ್ರಕಟಿಸುತ್ತೇವೆ. ಪ್ರತಿ ಅಳತೆಯ ಪಕ್ಕದಲ್ಲಿ ಅವರು ಮೊದಲು ಮಾಡಿದ ಊಹೆಯೂ ಇರಲಿ. ತಪ್ಪಾದದ್ದನ್ನು ಅಳಿಸಬೇಡಿ.

– ಸಂಪಾದಕ