ಜಿಪಿಎಸ್ ಹೋದರೆ ಫೈಟರ್ ಕುರುಡಾಗುವುದಿಲ್ಲ

ಪ್ರಶ್ನೆ: ಶತ್ರು ಜಿಪಿಎಸ್ ಜಾಮ್ ಮಾಡಿದರೆ ಯುದ್ಧವಿಮಾನ ದಾರಿ ತಪ್ಪುವುದಿಲ್ಲವೇ?

ಉತ್ತರ: ವೇಷ ಬದಲಿಸಿಕೊಂಡು ಪದೇ ಪದೇ ಬರುವ ಪ್ರಶ್ನೆಯಿದು. ಟಿವಿ ಚರ್ಚೆಯಲ್ಲಿ ನಕ್ಷೆ ಹರವಿಕೊಂಡು ಹೆದರಿಸುವ ಪಂಡಿತರಿಗೆ ನಮಸ್ಕಾರ! ವಿಮಾನದ ಆಧಾರ ಐಎನ್‌ಎಸ್, ಎಂದರೆ ತನ್ನದೇ ಚಲನೆ ಅಳೆದು ಸ್ಥಾನ ಲೆಕ್ಕಹಾಕುವ ಯಂತ್ರ. ಜಿಪಿಎಸ್ ಅದನ್ನು ತಿದ್ದುವ ಸಹಾಯಕ ಅಷ್ಟೇ. ಐಎನ್‌ಎಸ್‌ಗೆ ಹೊರಗಿನ ಸಿಗ್ನಲ್ಲೇ ಬೇಡ, ಜಾಮ್ ಮಾಡುವುದು ಏನನ್ನು? ರಿಂಗ್ ಲೇಸರ್ ಗೈರೊ (ಲೇಸರ್ ಬೆಳಕಿನಿಂದ ತಿರುಗುವಿಕೆ ಅಳೆಯುವ ಸಾಧನ) ಇರುವ ಸಾಮಾನ್ಯ ಘಟಕದಲ್ಲಿ ಗಂಟೆಗೆ ಸುಮಾರು 0.8 ನಾಟಿಕಲ್ ಮೈಲಿ, ಎಂದರೆ ಒಂದೂವರೆ ಕಿ.ಮೀ. ದೋಷ ಸೇರುತ್ತದೆ. ಗುರಿಗೆ ಬಾಂಬ್ ಹಾಕಲು ಇದು ಸಾಲದು, ರೇಡಾರ್ ಫಿಕ್ಸ್ (ನೆಲದ ಗುರುತನ್ನು ರೇಡಾರಿನಲ್ಲಿ ನೋಡಿ ಸ್ಥಾನ ತಿದ್ದುವುದು) ಬೇಕು. ಮರಳಿ ನೆಲೆ ಸೇರಲು ಧಾರಾಳ ಸಾಕು.

ಐಎನ್‌ಎಸ್ ಕೆಡುವುದು ಹೆಚ್ಚಾಗಿ ಹಾರುವ ಮೊದಲೇ, ಅಲೈನ್‌ಮೆಂಟ್ ವೇಳೆ. ಆಗ ಗುರುತ್ವದಿಂದ ಅದು ಸಮತಲ ಹುಡುಕುತ್ತದೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದನ್ನು ಅಳೆದು ಉತ್ತರ ದಿಕ್ಕು ಹುಡುಕುತ್ತದೆ. ಆ ಕೆಲವು ನಿಮಿಷ ವಿಮಾನ ಜಾಗ ಬಿಟ್ಟು ಕದಲಬಾರದು; ಕದಲಿದರೆ ಮೊದಲಿನಿಂದ ಶುರುಮಾಡಿ. ಆತುರವಿದ್ದಾಗ ‘ಸ್ಟೋರ್ಡ್ ಹೆಡಿಂಗ್’, ಎಂದರೆ ಕಳೆದ ಬಾರಿ ಉಳಿಸಿಟ್ಟ ಮೂತಿಯ ದಿಕ್ಕು ಬಳಸುತ್ತಾರೆ. ಕಳೆದ ಬಾರಿ ಆಫ್ ಮಾಡಿದ ಮೇಲೆ ಯಾರಾದರೂ ವಿಮಾನವನ್ನು ಎಳೆದು ಸರಿಸಿದ್ದರೆ ಆ ಹೆಡಿಂಗ್ ಶುದ್ಧ ಸುಳ್ಳು.

ಅಲೈನ್‌ಮೆಂಟ್‌ಗೆ ವಿಮಾನ ನಿಂತ ಜಾಗದ ಅಕ್ಷಾಂಶ, ರೇಖಾಂಶ ಒತ್ತಬೇಕು. ಅಕ್ಷಾಂಶ ತಪ್ಪಾಗಿ ಒತ್ತಿದರೆ ಯಂತ್ರವೇ ಹಿಡಿಯಬಲ್ಲದು, ಏಕೆಂದರೆ ಭೂಭ್ರಮಣದ ಅಳತೆ ಅಕ್ಷಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ರೇಖಾಂಶಕ್ಕೆ ಆ ರಕ್ಷಣೆಯಿಲ್ಲ. 2015ರಲ್ಲಿ ಸಿಡ್ನಿಯಲ್ಲಿ ಒಂದು ಪ್ರಯಾಣಿಕ ವಿಮಾನಕ್ಕೆ 151 ಡಿಗ್ರಿ 9.8 ಮಿನಿಟ್ ಬದಲು 15 ಡಿಗ್ರಿ 19.8 ಮಿನಿಟ್ ಒತ್ತಿದರು. ವ್ಯತ್ಯಾಸ 11,000 ಕಿ.ಮೀ.ಗೂ ಹೆಚ್ಚು! ಕ್ವಾಲಾಲಂಪುರಕ್ಕೆ ಹೊರಟದ್ದು ಮೆಲ್ಬರ್ನ್‌ನಲ್ಲಿ ಇಳಿಯಿತು. ಒತ್ತಿದ ಅಂಕಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ.

ನಾನು ಹೆದರುವುದು ಜಾಮಿಂಗ್‌ಗಲ್ಲ, ಸ್ಪೂಫಿಂಗ್‌ಗೆ, ಎಂದರೆ ನಕಲಿ ಜಿಪಿಎಸ್ ಸಿಗ್ನಲ್‌ಗೆ. ಜಾಮ್ ಆದರೆ ರಿಸೀವರ್ ಕೈಚೆಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಸ್ಪೂಫರ್ ಸುಳ್ಳು ಸ್ಥಾನವನ್ನು ಮೆಲ್ಲಗೆ ಸರಿಸಿದರೆ, ಜಿಪಿಎಸ್, ಐಎನ್‌ಎಸ್ ಎರಡನ್ನೂ ಬೆರೆಸುವ ಫಿಲ್ಟರ್ ಅದನ್ನೇ ನಿಜವೆಂದು ನಂಬಿ ಸರಿಯಿದ್ದ ಐಎನ್‌ಎಸ್ ಅನ್ನೇ ‘ತಿದ್ದುತ್ತದೆ’. ಗೂಢಲಿಪಿಯ ಸೇನಾ ಕೋಡ್ ಇರುವುದು ಇದಕ್ಕೇ. ಜಾಮರ್ ಇರುವ ದಿಕ್ಕಿಗೆ ಕಿವುಡಾಗುವ ಏಳು ಅಂಶಗಳ ಆಂಟೆನಾ ಇದ್ದರೆ ಯಾವ ಜಾಮರ್ ಬಂದರೂ ಸರಿ ಎನ್ನುವುದು ಮಾರಾಟದ ಮಾತು: ಅದು ಹೆಚ್ಚೆಂದರೆ ಆರು ದಿಕ್ಕುಗಳನ್ನು ಅಡಗಿಸುತ್ತದೆ. ಅನುಮಾನ ಬಂದರೆ ಮಿಶ್ರ ಸ್ಥಾನ ಬಿಟ್ಟು ಐಎನ್‌ಎಸ್-ಮಾತ್ರ ಸ್ಥಾನ ತೆರೆಯಿರಿ, ಟಕಾನ್ (ರೇಡಿಯೊ ಕೇಂದ್ರದ ದೂರ, ದಿಕ್ಕು ತೋರಿಸುವ ಸೇನಾ ಸಾಧನ) ಜೊತೆ ಹೋಲಿಸಿ. ಮೊದಲು ದೂರ ನೋಡಿ, ಆಮೇಲೆ ಬೇರಿಂಗ್ (ದಿಕ್ಕು); ಟಕಾನ್ ಬೇರಿಂಗ್ 40 ಡಿಗ್ರಿ ಪಕ್ಕಕ್ಕೆ ಲಾಕ್ ಆಗುವುದುಂಟು.

ಪ್ರಶ್ನೆ: ಟಕಾನ್ ಹಳೆಯದಲ್ಲವೇ, ಕಿತ್ತುಹಾಕಬಾರದೇ?

ಉತ್ತರ: ಕಿತ್ತರೆ ಮೋಡದೊಳಗೆ ಇಂಧನ ತುಂಬಿಸುವ ಟ್ಯಾಂಕರ್ ವಿಮಾನ ಎಷ್ಟು ದೂರವಿದೆ ಎಂದು ಯಾರನ್ನು ಕೇಳುತ್ತೀರಿ? ಎರಡೂ ವಿಮಾನ 63 ಚಾನೆಲ್ ಅಂತರದಲ್ಲಿರಬೇಕು, ಅಷ್ಟೇ.

ಪ್ರಶ್ನೆ: ಐಎಲ್‌ಎಸ್ (ರನ್‌ವೇಗೆ ಇಳಿಯಲು ದಾರಿ ತೋರಿಸುವ ರೇಡಿಯೊ ವ್ಯವಸ್ಥೆ) ಸೂಜಿ ನಡುವೆಯೇ ಇತ್ತು, ಆದರೂ ಇಳಿತ ತೀರಾ ಕಡಿದು. ಏಕೆ?

ಉತ್ತರ: ಮೇಲಿನಿಂದ ಬಂದು ಸುಮಾರು 9 ಡಿಗ್ರಿಯ ಸುಳ್ಳು ಗ್ಲೈಡ್‌ಸ್ಲೋಪ್ (ಇಳಿಯುವ ಕೋನ ತೋರಿಸುವ ಸಿಗ್ನಲ್) ಹಿಡಿದಿದ್ದೀರಿ. ಯಾವತ್ತೂ ಕೆಳಗಿನಿಂದ ಹಿಡಿಯಿರಿ.

ಪ್ರಶ್ನೆ: ವಿಮಾನವಾಹಕ ನೌಕೆಯಲ್ಲಿ ಚಕ್ರ ತಾಕಿದೊಡನೆ ಎಂಜಿನ್ ಆರಿಸುತ್ತಾರಂತೆ?

ಉತ್ತರ: ಪೂರ್ಣ ಥ್ರಾಟಲ್ ಕೊಡುತ್ತಾರೆ. ಕೊಕ್ಕೆಗೆ ತಂತಿ ಸಿಗದಿದ್ದರೆ ಮತ್ತೆ ಹಾರಬೇಕಲ್ಲ!

ಪ್ರಶ್ನೆ: ಮೊಬೈಲಿನ ಕಂಪಾಸ್ ಆ್ಯಪ್ ಕಾಕ್‌ಪಿಟ್‌ನಲ್ಲಿ ಬ್ಯಾಕಪ್ ಆದೀತೇ?

ಉತ್ತರ: ಇಲ್ಲ. ಹತ್ತಿರ ಇಟ್ಟರೆ ಅದರ ಸ್ಪೀಕರಿನ ಅಯಸ್ಕಾಂತ ಸ್ಟ್ಯಾಂಡ್‌ಬೈ ಕಂಪಾಸನ್ನೂ ಕೆಡಿಸೀತು.